ಹಿತ್ತಲಿನ ಅಕ್ಕ

ಅಮ್ಮಿನಬಾವಿಯ ದಾನವ್ವನನ್ನು ಹಿಡಿದದ್ದು ಪರರ ದೆವ್ವವಲ್ಲ, ಅವಳ ಸ್ವಂತ ಅಕ್ಕ. ಊರಿಗೆ ಊರೇ ಹಾಗೆ ನಂಬಿತ್ತು, ದಾನವ್ವನೂ ನಂಬಿದ್ದಳು. ಅಕ್ಕ ಮುರಿಗೆವ್ವ ಹಿತ್ತಲ ಬೇಲಿಯ ಬಳಿ ಬಿದ್ದು ಸತ್ತ ಮೇಲೆ, ಅವಳ ಹೆಣ್ಣುಕೂಸನ್ನು ಸಾಕಲಿಕ್ಕೆಂದು ದಾನವ್ವನನ್ನೇ ಭಾವ ಕುಬೇರಪ್ಪನಿಗೆ ಕೊಟ್ಟಿದ್ದರು. ಮದುವೆಯ ದಿನವೇ ಅಕ್ಕನ ಹೆಸರಿನ ಬೆಳ್ಳಿ ಬಿಲ್ಲೆ ಅವಳ ಕೊರಳಿಗೆ ಬಿತ್ತು. ಎರಡನೆಯವಳಾಗಿ ಬಂದವಳು ಸತ್ತವಳನ್ನು ಹಾಗೆ ಎದೆಯ ಮೇಲೆ ಹೊತ್ತೇ ಬಾಳಬೇಕು.

ಆಗ ಯುದ್ಧದ ಕಾಲ. ಸೀಮೆಎಣ್ಣೆ ಸಿಗದೆ ಊರು ಸಂಜೆಗೇ ಕತ್ತಲಲ್ಲಿ ಮುಳುಗುತ್ತಿತ್ತು. ಹೆಂಗಸರು ಹಿತ್ತಲಿಗೆ ಹೋಗುವುದೂ ಆ ಕತ್ತಲಲ್ಲೇ. ಒಂದು ಮುಸ್ಸಂಜೆ ದಾನವ್ವ ಮೂತ್ರಕ್ಕೆ ಕೂತು ಏಳುವಷ್ಟರಲ್ಲಿ ಎದೆ ಡಬಡಬ ಬಡಿಯಿತು, ತಲೆ ಸಿಡಿಯಿತು, ಮೈಯೆಲ್ಲ ತಣ್ಣನೆ ಬೆವರು. ಒಳಗೆ ಬಂದವಳ ಮುಖಕ್ಕೆ ಸುಣ್ಣ ಬಳಿದಂತಿತ್ತು.

"ಅಯ್ಯ ಶಿವನ! ಸಾಯೂ ಮುಂದ ಮುರಿಗೆವ್ವನ ಮಾರಿನೂ ಹಿಂಗ ಆಗಿತ್ತು," ಎಂದಳು ಅತ್ತೆ.

ಅಂದಿನಿಂದ ಪ್ರತಿಸಲವೂ ಅದೇ ಗತಿ. ದಾನವ್ವ ಹಿತ್ತಲು ಬಿಟ್ಟು ಹೊಲದ ಬದಿಗೆ ಹೋದಳು. ಅಲ್ಲಿಗೂ ಅಕ್ಕ ಬಂದಳು. ದಾನವ್ವ ಬೇಲಿಯ ಬುಡದಲ್ಲಿ ಅಕ್ಕನಿಗೆಂದು ಹೋಳಿಗೆ ಇಟ್ಟಳು, ಸೀರೆ ಇಟ್ಟಳು. "ನಿನ್ನ ಕೂಸಿನ್ನ ಕಣ್ಣಾಗ ಇಟ್ಟು ಸಾಕಾಕತ್ತೇನಲ್ಲ ಅಕ್ಕಾ, ನನ್ನ ಮ್ಯಾಲ್ಯಾಕ ಸಿಟ್ಟು?" ಎಂದು ಅತ್ತಳು. ಕಡೆಗೆ ನೀರು ಕುಡಿಯುವುದನ್ನೇ ಬಿಟ್ಟಳು, ಪಾಪ. ಹಗಲೆಲ್ಲ ತಡೆದು ಕೂತಳು. ತಡೆದಷ್ಟೂ ಅಕ್ಕನ ಹೊಡೆತ ಜೋರಾಯಿತು.

ದೆವ್ವ ಬಿಡಿಸುವ ಗಿರಿಯಪ್ಪ ಬಂದ. ಅವನ ದಿಮಾಕು ನೋಡಬೇಕಿತ್ತು! ಅವಳನ್ನು ಅಂಗಾತ ಮಲಗಿಸಿ ಹೊಕ್ಕುಳ ಕೆಳಗೆ ಕಾಲಿಟ್ಟು ಒತ್ತಿದ. ಒತ್ತಿದ್ದೇ ತಡ, ದಾನವ್ವ ಬಿಳಚಿಕೊಂಡು ಗಡಗಡ ನಡುಗಿದಳು.

"ಬಂದ್ಲು ನೋಡ್ರಿ ಮುರಿಗೆವ್ವ!" ಎಂದು ಅವನು ಕೂಗಿದ.

ಮರುದಿನ ಮೂತ್ರದಲ್ಲಿ ರಕ್ತ ಕಂಡಿತು. ಕುಬೇರಪ್ಪ ಹೆದರಿ, ಚಕ್ಕಡಿ ಹೂಡಿ ಅವಳನ್ನು ಧಾರವಾಡದ ದವಾಖಾನೆಗೆ ತಂದ.

ಅಲ್ಲಿ ಡಾಕ್ಟರ್ ಕಾಶೀಬಾಯಿ ರಕ್ತದೊತ್ತಡ ನೋಡಲು ಅವಳ ತೋಳಿಗೆ ಪಟ್ಟಿ ಸುತ್ತಿದರು. ಗಿರಿಯಪ್ಪ ಕಾಲಿಟ್ಟ ಜಾಗದಲ್ಲೇ ಬೆರಳು ಊರಿದರು. ಗಾಜಿನ ನಳಿಗೆಯಲ್ಲಿ ಪಾದರಸ ಸರಸರ ಏರಿತು, ದಾನವ್ವನ ಹಲ್ಲು ಕಟಕಟಿಸಿತು. ಅಕ್ಕ ಇಲ್ಲಿಗೂ ಬಂದಿದ್ದಳು. ಬೆರಳು ತೆಗೆದ ಮೇಲೆ ಪಾದರಸ ಮೆಲ್ಲಗೆ ಇಳಿಯಿತು.

"ದೆವ್ವ ಅಲ್ಲವ್ವಾ ಇದು. ಮೂತ್ರಚೀಲದ ಗ್ವಾಡಿಗೆ ಗಂಟದ. ಒತ್ತಿದ್ರ, ಮೂತ್ರಕ್ಕ ಕೂತ್ರ, ಅದು ರಕ್ತದಾಗ ಒಂದು ರಸ ಉಗುಳತದ; ಅದರಿಂದ ರಕ್ತದೊತ್ತಡ ಏರಿ ಎದಿ ಬಡೀತದ, ತಲಿ ಸಿಡೀತದ. ಮೂತ್ರಪಿಂಡದ ಮ್ಯಾಲೆ ಇಂಥಾ ಗಂಟು ಆಗೂದು ಓದೇನಿ; ಮೂತ್ರಚೀಲದಾಗ ಆಗಿದ್ದು ಕಂಡಿಲ್ಲ. ತಗೀಬೇಕು. ತಗಿಯುವಾಗ ಜೀವಕ್ಕ ಅಪಾಯದ, ಸುಳ್ಳು ಹೇಳಂಗಿಲ್ಲ."

"ತಗೀರಿ. ಆದ್ರ ಬಾಯಾರ, ಆ ಗಂಟಿನ್ಯಾಗ ಅಕ್ಕ ಇದ್ರ?"

"ಇದ್ರ ನಿನಗ ತೋರಸ್ತೀನಿ."

ಕೊಯ್ಯುವಾಗ ಗಂಟಿಗೆ ಕೈ ತಾಗಿದ್ದೇ ಪಾದರಸ ನಳಿಗೆಯ ತುದಿ ಮುಟ್ಟಿತಂತೆ, ಆಮೇಲೆ ಪಾತಾಳಕ್ಕೆ ಬಿತ್ತಂತೆ. ಆದರೂ ದಾನವ್ವ ಕಣ್ಣು ತೆರೆದಳು. ಕಾಶೀಬಾಯಿ ಮಾತಿನಂತೆ ಸೀಸೆ ತಂದು ತೋರಿಸಿದರು. ಅಡಿಕೆಯಷ್ಟು ಕಂದು ಗಂಟು. ದಾನವ್ವ ಅದರಲ್ಲಿ ಅಕ್ಕನ ಮುಖ ಹುಡುಕಿದಳು, ಕಾಣಲಿಲ್ಲ.

"ನಿಮ್ಮಕ್ಕಗೂ ಇದ ಇತ್ತೇನೋ. ಒಂದ ರಕ್ತ," ಎಂದರು ಕಾಶೀಬಾಯಿ.

ಆಗ ದಾನವ್ವ ಬಿಕ್ಕಿ ಬಿಕ್ಕಿ ಅತ್ತಳು. ಹೊಲಿಗೆಯ ನೋವಿಗಲ್ಲ. ತನ್ನಂತೆಯೇ ನರಳಿ ಸತ್ತವಳನ್ನು ಇಷ್ಟು ದಿನ ವೈರಿಯೆಂದು ಹೆದರಿದ್ದಳಲ್ಲ, ಅದಕ್ಕೆ.

ಅಕ್ಕ ಮತ್ತೆ ಬರಲಿಲ್ಲ. ಅಕ್ಕನ ಹುಡುಗಿ ದೊಡ್ಡವಳಾದಳು. ಒಂದು ಸಂಜೆ ಅವಳು ಹಿತ್ತಲಿನಿಂದ ಗೋಡೆ ಹಿಡಿದು ಒಳಬಂದಳು. ಮುಖ ಸುಣ್ಣ, ಹಣೆಯಲ್ಲಿ ಬೆವರು.

"ಚಿಗವ್ವಾ, ತಲಿ ಸಿಡಿಯಾಕತ್ತೈತಿ."

"ಮುರಿಗೆವ್ವ ಮಗಳ್ನ ಹಿಡದ್ಲು! ಗಿರಿಯಪ್ಪನ್ನ ಕರೀರಿ!" ಎಂದು ಅತ್ತೆ ಬಾಗಿಲಿಗೆ ಓಡಿದಳು.

ದಾನವ್ವ ಬಾಗಿಲಿಗೆ ಅಡ್ಡ ನಿಂತಳು. "ನಮ್ಮಕ್ಕ ಯಾರನ್ನೂ ಹಿಡದಿಲ್ಲ. ಚಕ್ಕಡಿ ಹೂಡ್ರಿ," ಎಂದವಳೇ ಹುಡುಗಿಯ ಹೊಟ್ಟೆಗೆ ಯಾರ ಕೈಯೂ ತಾಗದಂತೆ ಅವಳನ್ನು ಸೆರಗಿನಲ್ಲಿ ಸುತ್ತಿ ಹಿಡಿದಳು.