ಇಪ್ಪತ್ತನಾಲ್ಕರ ಮುಂದಿನ ಪಟ್ಟಿಗಳು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಗುವವರಲ್ಲಿ ನಾನೇ ಮುಂದಿದ್ದೆ. ರಾಯದುರ್ಗದಲ್ಲಿ ನಾನಿದ್ದ ಜೀನ್ಸ್ ಫ್ಯಾಕ್ಟರಿಯಲ್ಲಿ ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ದಾರ ಕತ್ತರಿಸುವ ಹೆಂಗಸರು ಏನೇನೋ ಹೇಳುತ್ತಿದ್ದರು. ಸತ್ತ ಅತ್ತೆ ಕನಸಿನಲ್ಲಿ ಬಂದು ಕಳೆದ ಓಲೆ ಎಲ್ಲಿದೆ ಎಂದು ತೋರಿಸಿದ್ದು, ಖಾಲಿ ಮನೆಯಲ್ಲಿ ಬೀಸುಕಲ್ಲು ತಿರುಗಿದ್ದು. ನಾನು ಅನ್ನ ಕಲಸುತ್ತಲೇ ಅಡ್ಡಪ್ರಶ್ನೆ ಹಾಕಿ ಕತೆ ಕೆಡಿಸುತ್ತಿದ್ದೆ. ನಿನ್ನ ಪಕ್ಕದಲ್ಲಿ ಕೂತರೆ ದೆವ್ವವೂ ಲೆಕ್ಕ ಒಪ್ಪಿಸಬೇಕಾಗುತ್ತದೆ ಎಂದು ಅವರು ನನ್ನನ್ನು ಆಡಿಕೊಳ್ಳುತ್ತಿದ್ದರು. ಈಗ ಅಂಥದೇ ಒಂದನ್ನು ನಾನೇ ಹೇಳಹೊರಟಿದ್ದೇನೆ. ನಿಮಗೆ ನಗು ಬಂದರೆ ನನ್ನ ಅಭ್ಯಂತರವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೇ.

ನನ್ನದು ಮಡಕಶಿರದ ಹತ್ತಿರದ ಹಳ್ಳಿ. ಮನೆಯಲ್ಲಿ ಹಿಪ್ಪುನೇರಳೆ, ರೇಷ್ಮೆಹುಳು. ನಮ್ಮೂರಿನ ನನ್ನ ಓರಗೆಯವರೆಲ್ಲ ಬೆಂಗಳೂರಿನ ಗಾರ್ಮೆಂಟ್ಸ್ ಕಡೆ ಬಸ್ಸು ಹತ್ತಿದರು. ರಾಯದುರ್ಗದಲ್ಲಿ ಸೋದರತ್ತೆಯ ಮನೆ ಇದ್ದದ್ದರಿಂದ ನಾನು ಉಲ್ಟಾ ದಿಕ್ಕಿಗೆ ಬಂದೆ. ಕಟಿಂಗ್ ಟೇಬಲ್ಲಿನ ಮುಂದೆ ದಿನಕ್ಕೆ ಹತ್ತು ಗಂಟೆ ನಿಲ್ಲುವ ಕೆಲಸ. ಮೂರು ವರ್ಷ ಕಳೆಯುವಷ್ಟರಲ್ಲಿ ಕಾಲಿನ ನರಗಳು ಉಬ್ಬಿ, ಸಂಜೆ ಮೆಟ್ಟಿಲು ಹತ್ತಲೂ ಸೋಮಾರಿತನ ಬರುತ್ತಿತ್ತು.

ನನ್ನನ್ನು ಬೆಟ್ಟಕ್ಕೆ ಎಳೆದುಕೊಂಡು ಹೋದವರು ಎರ್ರಿಸ್ವಾಮಣ್ಣ. ನಮ್ಮಲ್ಲೇ ಟೈಲರ್. ಪ್ಯಾಂಟಿಗೆ ಜಿಪ್ ಕೂರಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ನನಗಿಂತ ಎಂಟು ವರ್ಷ ದೊಡ್ಡವರು. ಕೂತು ಕೂತು ಸೊಂಟ ಹಿಡಿದಿದ್ದಕ್ಕೆ ಯಾರೋ ನಡೆಯಿರಿ ಎಂದಿದ್ದರಂತೆ. ನಡೆಯುತ್ತಾ ನಡೆಯುತ್ತಾ ಓಡುವುದಕ್ಕೆ ಶುರು ಮಾಡಿದ್ದರು. ಕೋಟೆಬೆಟ್ಟದ ಬುಡದಿಂದ ಮೇಲಿನ ಬಾಗಿಲಿನವರೆಗೆ, ಕೆಲಸಕ್ಕೆ ಮುಂಚೆ. ಮೊದಲ ದಿನ ನಾನು ಅರ್ಧ ದಾರಿಯಲ್ಲೇ ಕೂತುಬಿಟ್ಟೆ. ಒಂದು ತಿಂಗಳಾದ ಮೇಲೆ ಅವರಿಗಿಂತ ಮುಂದೆ ಹೋಗತೊಡಗಿದೆ.

ಬೆಟ್ಟದಲ್ಲಿ ಓಡುವ ಸುಖವನ್ನು ಓಡದವರಿಗೆ ಹೇಳುವುದು ಕಷ್ಟ. ಅಲ್ಲಿ ದಾರಿ ಎಂದರೆ ಬಂಡೆಯಿಂದ ಬಂಡೆಗೆ ಕಾಲಿಡುವುದು. ಕಣ್ಣು ಮುಂದಿನ ಮೂರು ಹೆಜ್ಜೆಯ ಮೇಲೇ ಇರಬೇಕು, ಬೇರೆ ಯೋಚನೆಗೆ ಜಾಗವಿಲ್ಲ. ಉಸಿರು ಮೊದಲು ಜಗಳ ಮಾಡುತ್ತದೆ, ಆಮೇಲೆ ತಾನಾಗಿಯೇ ಹದಕ್ಕೆ ಬರುತ್ತದೆ. ಸೀತಾಫಲದ ಗಿಡಗಳ ನಡುವೆ ಮುಖಕ್ಕೆ ತಣ್ಣನೆಯ ಗಾಳಿ ಬಡಿಯುವಾಗ ನಾನು ಯಾರ ಆಳೂ ಅಲ್ಲ ಎನ್ನಿಸುತ್ತಿತ್ತು. ಕೆಳಗೆ ಊರಿನಲ್ಲಿ, ಯಾರು ಅಟ್ಟಿಸಿಕೊಂಡು ಬಂದರು ಎಂದು ಟೀ ಅಂಗಡಿಯವನು ಕೇಳುತ್ತಿದ್ದ. ಕೇಳಲಿ ಬಿಡಿ ಎಂದುಕೊಳ್ಳುತ್ತಿದ್ದೆವು.

ರಜೆಯ ದಿನಗಳಲ್ಲಿ ನಾನೊಬ್ಬನೇ ಕೋಟೆಯ ಹಿಂದಿನ ಬೆಟ್ಟಸಾಲಿಗೆ ಹೋಗತೊಡಗಿದೆ. ಆ ಬೆನ್ನು ಹಿಡಿದು ಹೋದರೆ ಆ ಕಡೆಯ ಕೆರೆಯ ಹತ್ತಿರ ಇಳಿಯಬಹುದು. ದಾರಿ ತಪ್ಪಬಾರದೆಂದು ಫ್ಯಾಕ್ಟರಿಯಲ್ಲಿ ಉಳಿದ ಡೆನಿಮ್ ಬಟ್ಟೆಯ ಪಟ್ಟಿಗಳನ್ನು ಗಿಡಗಳಿಗೆ ಕಟ್ಟಿದೆ. ಕೈಯ ಅಭ್ಯಾಸ, ಪ್ರತಿ ಪಟ್ಟಿಗೂ ಮಾರ್ಕರಿನಲ್ಲಿ ನಂಬರು ಬರೆದೆ.

ಈ ನಂಬರಿನ ವಿಷಯ ಸ್ವಲ್ಪ ಹೇಳಬೇಕು. ಕಟಿಂಗ್ ಆದ ಮೇಲೆ ಪ್ರತಿ ತುಂಡಿಗೂ ನಾವು ನಂಬರು ಹಾಕುತ್ತೇವೆ. ಒಂದೇ ಥಾನಿನಿಂದ, ಅಂದರೆ ಬಟ್ಟೆಯ ಒಂದೇ ಸುರುಳಿಯಿಂದ, ಬಂದ ಕಾಲುಗಳು ಒಂದೇ ಪ್ಯಾಂಟಿಗೆ ಸೇರಲಿ, ಬಣ್ಣ ಬೇರೆಯಾಗದಿರಲಿ ಎಂದು. ಬಂಡಲಿನ ಕೊನೆಯ ತುಂಡಿನ ನಂಬರಿಗೆ ಸುತ್ತು, ಅಂದರೆ ಗುಂಡಗೆ ಒಂದು ಗೆರೆ, ಹಾಕುವುದು ನಮ್ಮ ಫ್ಯಾಕ್ಟರಿಯ ಪದ್ಧತಿ. ಸುತ್ತು ಇದ್ದರೆ ಬಂಡಲು ಮುಗಿಯಿತು ಎಂದರ್ಥ. ಇಲ್ಲದಿದ್ದರೆ ಇನ್ನೂ ತುಂಡುಗಳಿವೆ, ಎಲ್ಲೋ ಬಿದ್ದಿವೆ ಎಂದು ಟೈಲರ್ ಎದ್ದು ಹುಡುಕುತ್ತಾನೆ. ಸಿಗುವವರೆಗೆ ಮಿಷನ್ ತುಳಿಯುವುದಿಲ್ಲ.

ಇಪ್ಪತ್ತನಾಲ್ಕನೆಯದನ್ನು ಕಟ್ಟಿದಾಗ ಬಟ್ಟೆ ಮುಗಿಯಿತು. ಅಲ್ಲಿಂದ ದಾರಿ ಒಂದು ದೊಡ್ಡ ಬಂಡೆಯ ಎಡಕ್ಕೆ ಹೊರಳುತ್ತದೆ. ಮಿಕ್ಕದ್ದನ್ನು ಮುಂದಿನ ವಾರ ಕಟ್ಟಿದರಾಯಿತು ಎಂದು ಬಂದುಬಿಟ್ಟೆ. ಎರಡು ದಿನಕ್ಕೆ ಊರಿನಿಂದ ಫೋನ್ ಬಂತು. ಹುಳು ಕೊನೆಯ ಜ್ವರ ಎದ್ದಿವೆ, ಪೊರೆ ಬಿಟ್ಟು ಹಗಲೂ ರಾತ್ರಿ ತಿನ್ನುತ್ತಿವೆ, ಸೊಪ್ಪು ಹಾಕಲು ಆಳಿಲ್ಲ, ಬಾ ಎಂದರು. ಹತ್ತು ದಿನ ರಜೆ ಹಾಕಿ ಹೋದೆ. ಹೊರಡುವ ಗಡಿಬಿಡಿಯಲ್ಲಿ ಎರ್ರಿಸ್ವಾಮಣ್ಣನಿಗೆ ಪಟ್ಟಿಗಳ ಬಗ್ಗೆ ಹೆಮ್ಮೆಯಿಂದ ಹೇಳಿದ್ದೆ. ಇಪ್ಪತ್ತನಾಲ್ಕಕ್ಕೆ ನಿಂತಿದೆ ಎಂಬುದೊಂದನ್ನು ಹೇಳಿರಲಿಲ್ಲ.

ನಾನು ವಾಪಸು ಬಂದ ದಿನ ಜಡಿ ಹಿಡಿದಿತ್ತು. ಸಮುದ್ರದಲ್ಲಿ ವಾಯುಭಾರ ಕುಸಿತವೆಂದು ಮೂರು ದಿನದಿಂದ ತುಂತುರು, ಬೆಟ್ಟದ ಮೇಲೆ ಮೋಡ ಕೂತು ಕೋಟೆಯೇ ಕಾಣುತ್ತಿರಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಬಸ್ಸಿಳಿದು ನನ್ನ ಬಾಡಿಗೆ ರೂಮಿಗೆ ಬಂದರೆ ಬಾಗಿಲಲ್ಲಿ ಎರ್ರಿಸ್ವಾಮಣ್ಣನ ಹೆಂಡತಿ ಗಂಗಮ್ಮ ನಿಂತಿದ್ದರು. ಸೆರಗೆಲ್ಲ ಒದ್ದೆ.

"ಮುಂಜಾನೆ ಐದಕ್ಕ ಹೋದೋರು ಇನ್ನಾ ಬಂದಿಲ್ರಿ," ಅಂದರು. "ನೀವು ಕಟ್ಟಿದ ಪಟ್ಟಿ ಹಿಡ್ಕಂಡು ಆಕಡಿ ಇಳೀತೀನಿ ಅಂದಿದ್ರು. ಇಂಥಾ ಮಳ್ಯಾಗ ಯಾಕ ಅಂತ ಕೇಳಿದೆ, ಕೇಳಲಿಲ್ರಿ."

ಫ್ಯಾಕ್ಟರಿಯಿಂದ ಐದಾರು ಜನ ಆಗಲೇ ಕೋಟೆಯ ಮುಂಭಾಗದಲ್ಲಿ ಹುಡುಕುತ್ತಿದ್ದರು. ಹಿಂದಿನ ಸಾಲಿಗೆ ಹೋಗುವ ದಾರಿ ನನಗೊಬ್ಬನಿಗೇ ಗೊತ್ತು. ಚೀಲವನ್ನು ಅಲ್ಲೇ ಹಾಕಿ ಓಡಿದೆ. ಎಷ್ಟೋ ದಿನ ಖುಷಿಗೆ ಓಡಿದ ದಾರಿಯದು. ಅಂದು ಪ್ರತಿ ಹೆಜ್ಜೆಯಲ್ಲೂ ಬೈದುಕೊಳ್ಳುತ್ತಾ ಓಡಿದೆ. ಬಂಡೆಗಳು ಪಾಚಿಗಟ್ಟಿದ್ದವು, ಎರಡು ಸಲ ಬಿದ್ದೆ. ಹತ್ತು ಮಾರಿನಾಚೆ ಏನೂ ಕಾಣುತ್ತಿರಲಿಲ್ಲ. ಒಂದು ಪಟ್ಟಿ ಮುಟ್ಟಿ ಮುಂದಿನದನ್ನು ಹುಡುಕುತ್ತಾ, ಹೆಸರು ಹಿಡಿದು ಕೂಗುತ್ತಾ ಇಪ್ಪತ್ತನಾಲ್ಕಕ್ಕೆ ಬಂದೆ.

ಅದಕ್ಕೆ ಸುತ್ತು ಇರಲಿಲ್ಲ. ನಾನೇ ಹಾಕಿರಲಿಲ್ಲ. ಆಗ ನನಗೆ ಎಲ್ಲವೂ ಹೊಳೆಯಿತು. ಬೇರೆ ಯಾರೇ ಆಗಿದ್ದರೂ ಪಟ್ಟಿ ಮುಗಿಯಿತು ಎಂದು ತಿರುಗಿ ಬರುತ್ತಿದ್ದರು. ಇಪ್ಪತ್ತು ವರ್ಷ ಬಂಡಲು ಬಿಚ್ಚಿದ ಟೈಲರ್ ತಿರುಗಿ ಬರುವುದಿಲ್ಲ. ಇಪ್ಪತ್ತೈದು ಎಲ್ಲೋ ಇದೆ ಎಂದು ಆ ಮೋಡದಲ್ಲಿ ಹುಡುಕಿಕೊಂಡು ಹೋಗುತ್ತಾನೆ. ಅಲ್ಲೇ ಮಂಡಿಯೂರಿ ಕೂತು ಅತ್ತುಬಿಟ್ಟೆ.

ಎದ್ದು ಎಡಕ್ಕೆ ಹೋಗಬೇಕೆಂದುಕೊಂಡೆ, ನಾನು ಬಲ್ಲ ದಾರಿ ಅದೇ. ಕಣ್ಣೊರೆಸಿಕೊಂಡು ನೋಡುವಾಗ ಬಲಗಡೆ ಒಂದು ಲಂಟಾನ ಪೊದೆಯಲ್ಲಿ ನೀಲಿ ಬಟ್ಟೆ ಕಂಡಿತು. ಹತ್ತಿರ ಹೋದೆ. ಇಪ್ಪತ್ತೈದು ಎಂದು ಬರೆದಿತ್ತು.

ಅವರೇ ಕಟ್ಟಿರಬೇಕು ಎಂದುಕೊಂಡೆ. ಆ ಹೊತ್ತಿಗೆ ಅದಕ್ಕಿಂತ ಹೆಚ್ಚು ಯೋಚಿಸುವ ಸ್ಥಿತಿಯಲ್ಲಿರಲಿಲ್ಲ. ಮುಂದೆ ಇಪ್ಪತ್ತಾರು. ಮುಂದೆ ಇಪ್ಪತ್ತೇಳು. ಅಲ್ಲಿ ನನ್ನ ಕಾಲು ನಿಂತಿತು. ಏಳರ ನಡುವೆ ಒಂದು ಅಡ್ಡಗೆರೆ ಇತ್ತು. ನಮ್ಮೂರ ಶಾಲೆಯ ಮೇಷ್ಟ್ರು ಕಲಿಸಿದ್ದು, ಒಂದಕ್ಕೂ ಏಳಕ್ಕೂ ಗೊಂದಲವಾಗಬಾರದೆಂದು. ನಮ್ಮ ಫ್ಯಾಕ್ಟರಿಯಲ್ಲಿ ಹಾಗೆ ಬರೆಯುವವನು ನಾನೊಬ್ಬನೇ. ಇದಕ್ಕಾಗಿ ಎಲ್ಲರೂ ನನ್ನನ್ನು ಗೇಲಿ ಮಾಡುತ್ತಿದ್ದರು. ಆ ಅಕ್ಷರ ನನ್ನದು. ಗಂಟೂ ನನ್ನದು. ನಾನು ಅಲ್ಲಿಗೆ ಯಾವತ್ತೂ ಬಂದಿರಲಿಲ್ಲ.

ಇದು ನನ್ನ ಭ್ರಮೆಯಾದರೆ ಆಮೇಲೆ ತಿಳಿಯಲಿ ಎಂದು ಆ ಒಂದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು. ಮೂವತ್ತೊಂದನೆಯದು ‘ಬಂದರೆ’ ಎಂಬ ಕುರುಚಲು ಗಿಡಕ್ಕೆ ಕಟ್ಟಿತ್ತು. ಅದಕ್ಕೆ ಸುತ್ತು ಹಾಕಿತ್ತು. ಗಿಡದ ಪಕ್ಕದಲ್ಲೇ ಎರಡು ಬಂಡೆಗಳ ನಡುವೆ ಆಳವಾದ ಬಿರುಕು. ಬಗ್ಗಿ ನೋಡಿದರೆ ಕೆಳಗೆ ಎರ್ರಿಸ್ವಾಮಣ್ಣ ಬಿದ್ದಿದ್ದರು.

ಜೀವವಿತ್ತು. ಜಾರಿಕೊಂಡು ಇಳಿದೆ. ಬಲಗಾಲು ಮೊಣಕಾಲಿನ ಕೆಳಗೆ ಮುರಿದು ಸೊಟ್ಟಗಾಗಿತ್ತು, ತುಟಿಗಳು ನೀಲಿಗಟ್ಟಿದ್ದವು. ಕೂಗಿ ಕೂಗಿ ಗಂಟಲು ಹೋಗಿತ್ತು. ನನ್ನ ಅಂಗಿ ಬಿಚ್ಚಿ ಹೊದಿಸಿದೆ. ಗುರುತು ಸಿಕ್ಕಿತು ಅಂತ ಕಾಣುತ್ತದೆ, ನನ್ನ ಕೈ ಹಿಡಿದುಕೊಂಡರು.

"ಇಪ್ಪತ್ತೈದು ಹುಡುಕಿ ಹುಡುಕಿ ಸಾಕಾತು ನೋಡಪಾ," ಅಂದರು. "ಎಲ್ಲಿ ಕಟ್ಟೀದಿ ಅದನ್ನ?"

ನಾನು ಅವರ ಜೇಬುಗಳನ್ನು ತಡವಿದೆ. ಬಟ್ಟೆಯಿರಲಿಲ್ಲ, ಪೆನ್ನಿರಲಿಲ್ಲ. ಒಂದು ಕರ್ಚೀಫು, ಮನೆಯ ಬೀಗದ ಕೈ, ಅಷ್ಟೇ.

ಬಿರುಕಿನ ಇನ್ನೊಂದು ತುದಿ ಕೆರೆಯ ಕಡೆಗೆ ತೆರೆದಿತ್ತು. ಅದರ ಮೂಲಕ ನುಸುಳಿ ಕೆಳಗಿಳಿದಾಗ ಕುರಿ ಮೇಯಿಸುತ್ತಿದ್ದ ತಿಪ್ಪಣ್ಣ ಎಂಬ ಹಿರಿಯರು ಸಿಕ್ಕರು. ಅವರು ಹಟ್ಟಿಯಿಂದ ಮೂವರನ್ನು ಕರೆದರು. ಕಂಬಳಿಯ ನಾಲ್ಕು ಮೂಲೆ ಹಿಡಿದು ಅಣ್ಣನನ್ನು ಕೆಳಗಿನಿಂದಲೇ ಸಾಗಿಸಿದೆವು. ಹೀಗಾಗಿ ಮೇಲಿನ ಆ ಏಳು ಪಟ್ಟಿಗಳನ್ನು ನನ್ನ ಹೊರತು ಮತ್ತಾರೂ ನೋಡಲಿಲ್ಲ. ಬಳ್ಳಾರಿಯ ಆಸ್ಪತ್ರೆಯಲ್ಲಿ, ಆ ಚಳಿಯಲ್ಲಿ ರಾತ್ರಿ ಅಲ್ಲೇ ಕಳೆದಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಗಂಗಮ್ಮ ನನ್ನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಬೀಳಿಸಿದವನು ನಾನೇ ಎಂದು ಆಕೆಗೆ ಗೊತ್ತಿರಲಿಲ್ಲ.

ಮೋಡ ಚದುರಿದ ಮೇಲೆ, ನಾಲ್ಕನೆಯ ದಿನ ಬೆಟ್ಟಕ್ಕೆ ಹೋದೆ. ಒಂದರಿಂದ ಇಪ್ಪತ್ತನಾಲ್ಕು ಇದ್ದ ಜಾಗದಲ್ಲೇ ಇದ್ದವು. ಅದರ ಮುಂದೆ ಒಂದೂ ಇರಲಿಲ್ಲ. ಮೇಕೆ ತಿಂದಿರಬಹುದು, ಕೋತಿ ಕಿತ್ತಿರಬಹುದು. ಹಾಗಾದರೆ ಮೊದಲಿನ ಇಪ್ಪತ್ತನಾಲ್ಕನ್ನು ಯಾಕೆ ಮುಟ್ಟಲಿಲ್ಲ ಎಂದು ನನಗೇ ಅಡ್ಡಪ್ರಶ್ನೆ ಹಾಕಿಕೊಂಡೆ. ಎಲ್ಲವೂ ಹೆದರಿದ ಮನಸ್ಸಿನ ಆಟ ಎಂದು ತಳ್ಳಿಹಾಕುತ್ತಿದ್ದೆನೇನೋ. ಆದರೆ ಇಪ್ಪತ್ತೇಳು ನನ್ನ ಟ್ರಂಕಿನಲ್ಲಿ, ಊರಿನಿಂದ ತಂದ ಬಿಸ್ಕೆಟ್ ಡಬ್ಬಿಯಲ್ಲಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಎರಡು ತಿಂಗಳ ನಂತರ ಫ್ಯಾಕ್ಟರಿಗೆ ಹೊಸ ಕಡೆಯಿಂದ ಬಟ್ಟೆ ಬಂತು. ಥಾನು ಬಿಚ್ಚಿ ಟೇಬಲ್ಲಿನ ಮೇಲೆ ಹಾಸಿದಾಗ ನನ್ನ ಕೈ ಹಾಗೇ ನಿಂತಿತು. ಸ್ವಲ್ಪ ಹಸಿರಿಗೆ ತಿರುಗಿದ ನೀಲಿ, ಹಿಂಬದಿಯಲ್ಲಿ ಅರಿಶಿನದ ಛಾಯೆಯ ದಾರ. ಆಗಲೇ ರೂಮಿಗೆ ಹೋಗಿ ಡಬ್ಬಿ ತಂದೆ. ಇಪ್ಪತ್ತೇಳನ್ನು ಆ ಬಟ್ಟೆಯ ಮೇಲೆ ಇಟ್ಟೆ. ಎಲ್ಲಿ ಪಟ್ಟಿ ಮುಗಿದು ಎಲ್ಲಿ ಬಟ್ಟೆ ಶುರುವಾಗುತ್ತದೆಂದು ಹೇಳಲಾಗುತ್ತಿರಲಿಲ್ಲ. ಬಣ್ಣದ ವ್ಯತ್ಯಾಸ ಹಿಡಿಯುವುದೇ ನನ್ನ ಅನ್ನ. ಒಂದೇ ಬಣ್ಣದ ಎರಡು ಥಾನುಗಳನ್ನು ನಾನು ಬೇರೆ ಮಾಡಬಲ್ಲೆ. ಅದು ಆ ಥಾನಿನದೇ ಬಟ್ಟೆ. ಇಂಥದು ನಮ್ಮಲ್ಲಿಗೆ ಹಿಂದೆ ಬಂದಿತ್ತೇ ಎಂದು ಮಾಲೀಕರನ್ನು ಕೇಳಿದೆ, ಇದೇ ಮೊದಲು ಎಂದರು. ಊರಿನ ಬೇರೆ ಎರಡು ಮೂರು ಫ್ಯಾಕ್ಟರಿಗಳಲ್ಲೂ ವಿಚಾರಿಸಿದೆ. ಯಾರೂ ಕಂಡಿರಲಿಲ್ಲ. ನಾನು ಕೇಳದ ಫ್ಯಾಕ್ಟರಿಗಳು ಇನ್ನೂ ಬಹಳ ಇವೆ, ಒಪ್ಪುತ್ತೇನೆ.

ಸಂಜೆ ಎರ್ರಿಸ್ವಾಮಣ್ಣನ ಮನೆಗೆ ಹೋದೆ. ಪ್ಲಾಸ್ಟರ್ ಬಿಚ್ಚಿದ್ದರು, ಕಾಲು ಕುಂಟಾಗಿಯೇ ಉಳಿಯುತ್ತದೆಂದು ಅಷ್ಟರಲ್ಲಿ ಗೊತ್ತಾಗಿತ್ತು. ಗಂಗಮ್ಮನ ಎದುರಿಗೇ ಎಲ್ಲವನ್ನೂ ಹೇಳಿದೆ. ಸುತ್ತು ಹಾಕದೆ ಬಂದದ್ದು ಮೊದಲು, ಆಮೇಲೆ ಏಳು ಪಟ್ಟಿಗಳು, ಆಮೇಲೆ ಈ ಬಟ್ಟೆ. ಗಂಗಮ್ಮ ಎದ್ದು ಒಳಗೆ ಹೋದರು. ಬೈದಿದ್ದರೆ ವಾಸಿಯಿತ್ತು. ಅಣ್ಣ ಬಹಳ ಹೊತ್ತು ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನಂಗೇನೂ ಅರ್ಥ ಆಗ್ತಿಲ್ಲ ಕಣಣ್ಣ," ಅಂದೆ. "ಏನ್ ಮಾಡ್ಲಿ ಹೇಳು."

"ಏನ್ ಮಾಡೋದೈತಿ, ಕಟ್ಟಿ ಬಾ," ಅಂದರು. "ನಾ ಇನ್ನಾ ಅಲ್ಲೇ ಬಿದ್ದೀನಿ ಅಂತ ತಿಳ್ಕಾ."

ಅವರು ನಗಲಿಲ್ಲ. ನನಗೂ ನಗು ಬರಲಿಲ್ಲ. ಒಳಗಿನಿಂದ ಗಂಗಮ್ಮ ಮೂರು ಲೋಟ ಟೀ ತಂದಿಟ್ಟರು.

ಮುಂದಿನ ರಜೆಯ ದಿನ ಆ ಥಾನಿನ ತುದಿಯಿಂದ ಏಳು ಪಟ್ಟಿ ಕತ್ತರಿಸಿ ನಂಬರು ಬರೆದುಕೊಂಡು ಹೋದೆ. ಮೈ ಸುಡುವ ಬಿಸಿಲು, ಬೊಮ್ಮನಹಾಳ್ ಕಡೆಯ ಗದ್ದೆಗಳವರೆಗೆ ಎಲ್ಲ ನಿಚ್ಚಳವಾಗಿ ಕಾಣುತ್ತಿತ್ತು. ಎಲ್ಲಿಗೂ ಹೋಗದ ದಾರಿಗೆ ಗುರುತು ಕಟ್ಟುವುದು ಹುಚ್ಚಲ್ಲದೆ ಮತ್ತೇನು? ಆದರೂ ಕಟ್ಟಿದೆ. ಇಪ್ಪತ್ತನಾಲ್ಕರ ಬಲಕ್ಕೆ ಲಂಟಾನ ಪೊದೆಯಲ್ಲಿ ಇಪ್ಪತ್ತೈದು, ಅಲ್ಲಿಂದ ನೆನಪಿದ್ದ ಗಿಡಗಳಿಗೇ ಒಂದೊಂದು. ಕಟ್ಟದೆ ಇದ್ದರೆ ಆ ದಿನ ನಾನು ಎಡಕ್ಕೆ ಹೋಗಿಬಿಡುತ್ತಿದ್ದೆನೇನೋ ಎಂಬ ಭಯ. ಆಗಿಹೋದ ದಿನಕ್ಕೆ ಈಗ ಭಯಪಡುವುದು ಹೇಗೆ ಎಂದು ಕೇಳಬೇಡಿ. ಇಷ್ಟು ವರ್ಷಗಳ ನಂತರವೂ ಡಬ್ಬಿಯಲ್ಲಿ ಹಳೆಯ ಇಪ್ಪತ್ತೇಳು ಇದೆ.

ಮೂವತ್ತೊಂದನ್ನು ಬಂದರೆ ಗಿಡಕ್ಕೆ ಬಿಗಿದು, ಬಿರುಕಿನೊಳಗೆ ಬಗ್ಗಿ ನೋಡಿದೆ. ಒಣಗಿದ ಎಲೆಗಳಿದ್ದವು. ಎರ್ರಿಸ್ವಾಮಣ್ಣ ಆ ಹೊತ್ತಿಗೆ ಮನೆಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಒಂದು ಸಲ ಅವರ ಹೆಸರು ಹಿಡಿದು ಕೂಗಿದೆ. ಯಾರೂ ಓಗೊಡಲಿಲ್ಲ. ನಂಬರಿನ ಸುತ್ತು ಪೂರ್ತಿ ಬಿದ್ದಿದೆಯೇ ಎಂದು ಇನ್ನೊಮ್ಮೆ ನೋಡಿಕೊಂಡು ಕೆಳಗಿಳಿದೆ.