ಒಂದು ಕೋಣೆಗೆ ಎರಡು ಬಣ್ಣ

ನಮ್ಮಣ್ಣ ಗೋಡೆಗೆ ಬಣ್ಣ ಹೊಡೆಯುವವನು. ಮೂವತ್ತು ವರ್ಷದಿಂದ ಅದೇ ಕೆಲಸ. ಬಿಳಿ ಎಂದರೆ ನಮಗೆ ನಿಮಗೆ ಬಿಳಿ ಅಷ್ಟೇ. ಅವನಿಗೆ ಅದರಲ್ಲಿ ಹದಿನಾಲ್ಕು ಬಗೆ. ಊಟಕ್ಕೆ ಕೂತರೂ ಉಗುರಿನ ಸಂದಿಯಲ್ಲಿ ಯಾರದೋ ಮನೆಯ ಗೋಡೆ ಇರುತ್ತದೆ. ಕೈ ಎಷ್ಟು ನಯವೋ ನಾಲಿಗೆ ಅಷ್ಟೇ ಒರಟು. ಕೋಪ ಮೂಗಿನ ತುದಿಯಲ್ಲೇ, ಸಾಲದ್ದಕ್ಕೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಾನು ಅವನ ತಂಗಿ, ಇಷ್ಟು ಹೇಳುವ ಹಕ್ಕು ನನಗಿದೆ.

ನನ್ನ ಬೆನ್ನಿಗೆ ಹುಟ್ಟಿದ ತಮ್ಮನೂ ಅದೇ ಕೆಲಸದವನು. ಕಲಿಸಿದ್ದು ಅಣ್ಣನೇ. ಇಬ್ಬರೂ ಜೊತೆಯಾಗಿ ಎಷ್ಟೋ ಮನೆಗಳಿಗೆ ಬಣ್ಣ ಹೊಡೆದರು. ಒಂದು ಕೋಣೆಗೆ ಬೇಕಾದ ಬಣ್ಣವನ್ನೆಲ್ಲ ಒಂದೇ ಡ್ರಮ್ಮಿನಲ್ಲಿ, ಒಂದೇ ಸಲ ಕಲಸಬೇಕು ಎಂಬುದು ಅವರ ನಿಯಮ. ಬಿಳಿಗೆ ಬೆರೆಸುವ ಸ್ಟೇನರ್ ನಾಲ್ಕು ಹನಿ ಹೆಚ್ಚಾದರೂ ಗೋಡೆಯ ಬಣ್ಣವೇ ಬೇರೆಯಾಗಿಬಿಡುತ್ತದೆ. ಆರು ವರ್ಷದ ಹಿಂದೆ, ಒಂದು ಮನೆಯನ್ನು ಬೇಗ ಮುಗಿಸುವ ಅವಸರದಲ್ಲಿ, ಅಣ್ಣ ಒಂದು ಬಕೆಟ್ ಕಲಸಿದ, ತಮ್ಮ ಇನ್ನೊಂದು. ಸಂಜೆ ಬಲ್ಬಿನ ಬೆಳಕಿನಲ್ಲಿ ಎಲ್ಲ ಒಂದೇ ಥರ ಕಂಡಿತು. ಬೆಳಿಗ್ಗೆ ಕಿಟಕಿ ತೆಗೆದರೆ ಒಂದು ಗೋಡೆ ಕೆನೆಬಣ್ಣ, ಪಕ್ಕದ್ದು ಕಾಮಾಲೆ ಹಿಡಿದಂತೆ ಹಳದಿ! ಮನೆಯೊಡೆಯರ ಎದುರೇ ಅಣ್ಣ, "ಇವನಿಗೆ ಕಣ್ಣೇ ಇಲ್ಲ ಸಾರ್," ಎಂದ. "ಕುರುಡ ಕಲಿಸಿದ್ರೆ ಇನ್ನೇನಾಗುತ್ತೆ?" ಎಂದ ತಮ್ಮ. ಬ್ರಷ್ ಕೆಳಗಿಟ್ಟು ಹೊರಟವನು ಮತ್ತೆ ಅಣ್ಣನ ಮನೆ ಕಡೆ ತಲೆ ಹಾಕಲಿಲ್ಲ.

ಆಮೇಲೆ ಇಬ್ಬರೂ ಎಣ್ಣೆ ಸೀಗೆಕಾಯಿ. ಕೋಪದಲ್ಲಿ ಕುಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಇಬ್ಬರಿಗೂ ಹೇಳಿ ನೋಡಿದೆ, ಇಬ್ಬರಿಂದಲೂ ಬೈಸಿಕೊಂಡೆ. ತಮ್ಮನಿಗೆ ಮಗಳು ಹುಟ್ಟಿದ ಸುದ್ದಿ ಹೇಳಿದಾಗ ಅಣ್ಣ "ಸಂತೋಷ" ಎಂದಷ್ಟೇ ಹೇಳಿ ಬ್ರಷ್ ತೊಳೆಯತೊಡಗಿದ. ಕೊನೆಗೆ ಒಬ್ಬನ ಹೆಣದ ಮುಂದೆ ಕೂತು ಇನ್ನೊಬ್ಬ ಮಾತಾಡುವ ಹಾಗಾಗುತ್ತದೇನೋ ಎಂಬುದೇ ನನ್ನ ಹೆದರಿಕೆಯಾಗಿತ್ತು.

ಕಳೆದ ವರ್ಷ ಅಣ್ಣ ಒಂದು ಹೊಸ ಕಟ್ಟಡದಲ್ಲಿ ಕೆಲಸಕ್ಕಿದ್ದ. ಅಲ್ಲಿ ವೈರಿಂಗ್ ಮಾಡುವವನನ್ನು ಎಲ್ಲರೂ ಕರೆಂಟಣ್ಣ ಎನ್ನುತ್ತಿದ್ದರು. ಮಹಾ ಮಾತುಗಾರ. ಆವತ್ತು ಮಾತ್ರ ಮುಖ ಊದಿಸಿಕೊಂಡಿದ್ದ. ಬೆಳಿಗ್ಗೆ ಹೆಂಡತಿಯೊಡನೆ ಜಗಳವಾಡಿ ತಿಂಡಿ ತಿನ್ನದೆ ಬಂದಿದ್ದನಂತೆ. ಹನ್ನೊಂದರ ಹೊತ್ತಿಗೆ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇನ್ನೂ ನಲವತ್ತೂ ತುಂಬಿರಲಿಲ್ಲ ಅವನಿಗೆ.

ಮನೆಗೆ ಸುದ್ದಿ ಒಯ್ಯಲು ಯಾರೂ ಮುಂದಾಗದಿದ್ದಾಗ ಅಣ್ಣನೇ ಹೋದ. ಅತ್ತು ಅತ್ತು ಸೋತ ಆ ಹೆಣ್ಣುಮಗಳು ಕೇಳಿದ್ದು ಒಂದೇ ಮಾತು: "ನನ್ನ ಮೇಲೆ ಕೋಪ ಇತ್ತು ಅವರಿಗೆ. ಇಳಿದಿತ್ತಾ ಅಣ್ಣ? ಏನಾದ್ರೂ ಅಂದ್ರಾ?"

ಕರೆಂಟಣ್ಣ ಏನೂ ಅಂದಿರಲಿಲ್ಲ. ಸುಳ್ಳು ಹೇಳಿ ಗೊತ್ತಿಲ್ಲದ ನಮ್ಮಣ್ಣ, "ಇಳಿದಿತ್ತಮ್ಮ. ಇವತ್ತು ಬೇಗ ಮನೆಗೆ ಹೋಗ್ಬೇಕು ಅಂತಿದ್ದ," ಎಂದುಬಿಟ್ಟ.

ಮಾರನೆಯ ದಿನ ಅಂತ್ಯಕ್ರಿಯೆ ಮುಗಿಸಿ ನೇರ ನನ್ನ ಮನೆಗೆ ಬಂದ. ಬಾಗಿಲಲ್ಲೇ ನಿಂತು ಅದನ್ನೆಲ್ಲ ಹೇಳಿ, "ನಾಳೆ ನಾನು ಹೋದ್ರೆ ನೀನೂ ಅವನಿಗೆ ಹೀಗೇ ಸುಳ್ಳು ಹೇಳ್ತೀಯಾ?" ಎಂದು ಕೇಳಿದ.

"ಹೇಳಲ್ಲ," ಎಂದೆ. "ಅಷ್ಟು ಸುಲಭವಾಗಿ ನಿನ್ನ ಬಿಡ್ತೀನಾ? ಸಾಯೋವರೆಗೂ ಬಿಂಕ ಬಿಡ್ಲಿಲ್ಲ ಕಣೋ ನಿಮ್ಮಣ್ಣ ಅಂತ ಇದ್ದದ್ದು ಇದ್ದಂಗೇ ಹೇಳ್ತೀನಿ."

ಒರಟಾಗಿಯೇ ಹೇಳಿದೆ. ಐದು ವರ್ಷದ ಸಿಟ್ಟು ನನ್ನಲ್ಲೂ ಇತ್ತು. ಅಣ್ಣ ತಿರುಗಿ ಬೈಯಲಿಲ್ಲ. "ಎಲ್ಲಿದ್ದಾನೆ ಅವನು ಈಗ?" ಎಂದ.

ತಮ್ಮ ಒಂದು ಶಾಲೆಯ ಗೋಡೆಗೆ ಬಣ್ಣ ಹೊಡೆಯುತ್ತಿದ್ದ. ನಾವಿಬ್ಬರೂ ಒಟ್ಟಿಗೆ ಬಂದದ್ದು ನೋಡಿ ಅವನ ಕೈಯಲ್ಲಿದ್ದ ರೋಲರ್ ನಿಂತಿತು. "ಯಾರು ಹೋದ್ರಕ್ಕಾ?" ಎಂದು ನನ್ನನ್ನು ಕೇಳಿದ. ನೋಡಿ, ಅಣ್ಣ ಹುಡುಕಿಕೊಂಡು ಬಂದರೆ ಸಾವಿನ ಸುದ್ದಿಯೇ ಇರಬೇಕು ಎನ್ನುವ ಮಟ್ಟಕ್ಕೆ ಬಂದಿತ್ತು ನಮ್ಮ ಸಂಸಾರ.

"ನಮ್ಮಲ್ಲಿ ಇನ್ನೂ ಯಾರೂ ಹೋಗಿಲ್ಲ ಕಣೋ. ಅದಕ್ಕೇ ಬಂದೆ," ಎಂದ ಅಣ್ಣ. "ಅವತ್ತು ಆ ಮನೆಯವರ ಮುಂದೆ ನಾನು ಹಂಗನ್ನಬಾರದಿತ್ತು. ತಪ್ಪಾಯ್ತು."

ತಮ್ಮ ರೋಲರನ್ನು ಬಕೆಟ್ಟಿನೊಳಗಿಟ್ಟ. "ಸ್ಟೇನರ್ ಜಾಸ್ತಿ ಹಾಕಿದ್ದು ನಾನೇ. ಅವತ್ತೇ ಗೊತ್ತಿತ್ತು."

"ಗೊತ್ತಿದ್ದೂ ಐದು ವರ್ಷ..." ಅಣ್ಣನ ದನಿ ಏರಿತು. ನಾನು ಅವನ ತೋಳು ಚಿವುಟಿದೆ. ಅವನು ಬಾಯಿ ಮುಚ್ಚಿಕೊಂಡ ರೀತಿಗೆ ತಮ್ಮನಿಗೆ ನಗು ಬಂತು, ನಗುತ್ತಲೇ ಅಳುವೂ ಬಂತು. ನನ್ನ ಕಣ್ಣೂ ನಿಲ್ಲಲಿಲ್ಲ. ಅಷ್ಟು ಹಗುರ ಎನಿಸಿ ಎಷ್ಟು ವರ್ಷವಾಗಿತ್ತೋ ನನಗೆ.

ಸಂಜೆ ಅಣ್ಣ ತಮ್ಮನ ಮನೆಗೆ ಹೋದ. ನಾಲ್ಕು ವರ್ಷದ ಮಗಳು ಹೊಸಬನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ದೊಡ್ಡಪ್ಪ ಕಣಮ್ಮ," ಎಂದ ತಮ್ಮ.

"ಇಷ್ಟು ದಿನ ಎಲ್ಲಿದ್ರಿ?" ಎಂದು ಅವಳು ದೊಡ್ಡಪ್ಪನನ್ನೇ ಕೇಳಿದಳು.

ಎಂಥವರಿಗೂ ಎದುರುತ್ತರ ಕೊಡುವ ನಮ್ಮಣ್ಣ ಅವಳ ಎತ್ತರಕ್ಕೆ ಮಂಡಿಯೂರಿ, "ಇಲ್ಲೇ ಇದ್ದೆ ಕಂದಾ. ಎರಡು ಬೀದಿ ಆಚೆ," ಎಂದ.

"ಅಷ್ಟೇನಾ? ಅಲ್ಲಿಗೆ ನಾನೇ ನಡ್ಕೊಂಡು ಬರ್ತೀನಿ," ಎಂದಳು.

ಮರುದಿನ ಬಂದೂ ಬಂದಳು, ಅಪ್ಪನ ಕೈ ಹಿಡಿದು ಎಳೆದುಕೊಂಡು.