ಸೈಕಲ್ ಒಂದೂರಿಗೆ, ವೈನಿ ಒಂದೂರಿಗೆ

ಕಳೆದ ವಾರ ಡೌನ್‌ಟೌನ್‌ನಲ್ಲಿ ಕಣ್ಣಿನ ಡಾಕ್ಟರರ ದರ್ಶನ ಮುಗಿಸಿ ಗೋ ಎಂಬ ಲೋಕಲ್ ಟ್ರೇನಿನಲ್ಲಿ ಸ್ಟ್ರೀಟ್ಸ್‌ವಿಲ್ಲಿಗೆ ಮರಳುತ್ತಿದ್ದೆ. ಕಿಪ್ಲಿಂಗ್ ನಿಲ್ದಾಣ ದಾಟಿರಬೇಕು, ಮುಂದಿನ ಸೀಟಿನಿಂದ ಒಂದು ವಾಸನೆ ಬಂತು. ಹುರಿದ ಶೇಂಗಾ, ಬೆಳ್ಳುಳ್ಳಿ, ಒಣಖಾರ. ಯಾರೋ ಡಬ್ಬಿ ತೆರೆದರು. ತೆರೆದಷ್ಟೇ ಬೇಗ ಮುಚ್ಚಿದರು. ಡಬ್ಬಿಯ ಒಡೆಯರು ಯಾರೆಂದು ನಾನು ಇಣುಕಲಿಲ್ಲ. ಸಾರ್ವಜನಿಕ ವಾಹನದಲ್ಲಿ ಪರರ ಡಬ್ಬಿಗೆ ಇಣುಕುವುದು ನನ್ನ ವಯಸ್ಸಿಗೂ ಮರ್ಯಾದೆಗೂ ಒಪ್ಪುವ ಕೆಲಸವಲ್ಲ. ಆದರೆ ಮೂಗಿಗೆ ಇಂಥ ಕಟ್ಟುಪಾಡುಗಳಿಲ್ಲ. ಅದು ತನ್ನ ಪಾಡಿಗೆ ಎದುರುಮನೆಯ ವೈನಿಯವರನ್ನು ಕರೆತಂದು ನನ್ನ ಪಕ್ಕದಲ್ಲಿ ಕೂರಿಸಿಬಿಟ್ಟಿತು…

ನಾವು ಮೈಸೂರಿನವರು ಅತ್ತಿಗೆ ಎನ್ನುವುದನ್ನು ಧಾರವಾಡದ ಕಡೆ ವೈನಿ ಎನ್ನುತ್ತಾರೆ. ಈ ವೈನಿಯ ಯಜಮಾನರು ಕೆನಡಾದ ನಮ್ಮ ಮಿಸಿಸಾಗಾ ಊರಿನ ಅರ್ಧ ಕನ್ನಡಿಗರಿಗೆ ಅಣ್ಣನಾಗಿದ್ದರು. ಯಾರು ಮನೆ ಬದಲಾಯಿಸಿದರೂ ಸೋಫಾದ ಒಂದು ತುದಿ ಅವರ ಕೈಯಲ್ಲಿರುತ್ತಿತ್ತು. ಹಾಗಾಗಿ ಆಕೆ ಎಲ್ಲರಿಗೂ ವೈನಿ. ಅಣ್ಣ ತೀರಿಕೊಂಡ ಮೇಲೂ ಆ ಪದವಿ ಹಾಗೆಯೇ ಮುಂದುವರಿಯಿತು.

ವೈನಿ ಯಾವುದೋ ಇನ್ಶೂರೆನ್ಸ್ ಆಫೀಸಿನಲ್ಲಿ ದುಡಿದು ನಿವೃತ್ತರಾದವರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಲಂಚ್‌ರೂಮಿನಲ್ಲಿ ರೊಟ್ಟಿ-ಚಟ್ನಿಯ ಡಬ್ಬಿ ತೆರೆದಾಗ, ಸಹೋದ್ಯೋಗಿಯೊಬ್ಬರು ಏನೂ ಅನ್ನದೆ ಎದ್ದುಹೋಗಿ ಕಿಟಕಿ ತೆರೆದರಂತೆ. ಅಷ್ಟೇ ನಡೆದದ್ದು. ಅಂದಿನಿಂದ ನಿವೃತ್ತಿಯವರೆಗೆ ವೈನಿ ಮಧ್ಯಾಹ್ನದ ರೊಟ್ಟಿಯನ್ನು ಪಾರ್ಕಿಂಗ್ ಲಾಟಿನಲ್ಲಿ, ಕಾರಿನೊಳಗೆ, ಗಾಜು ಏರಿಸಿಕೊಂಡು ತಿಂದರು. ಜನವರಿಯಲ್ಲೂ. ಇದನ್ನು ಅವರು ದೂರಿನಂತೆ ಹೇಳಿಕೊಂಡವರಲ್ಲ. ಬಾಗಿಲಲ್ಲಿ ಶೂ ಬಿಚ್ಚುವ ಹಾಗೆ ಇದೂ ಒಂದು ಪದ್ಧತಿ ಎಂಬಂತೆ ಹೇಳುತ್ತಿದ್ದರು.

ಒಬ್ಬನೇ ಮಗ. ಇಲ್ಲಿಯೇ ಹುಟ್ಟಿದವನು, ಕಾರಿನಲ್ಲಿ ಮುಕ್ಕಾಲು ಗಂಟೆಯ ದಾರಿಯ ಕ್ಲೈನ್‌ಬರ್ಗಿನಲ್ಲಿ ದೊಡ್ಡ ಮನೆ ಕಟ್ಟಿದವನು. ತಂದೆ ಹೋದ ಮೇಲೆ ಅಮ್ಮ ಒಬ್ಬಳೇ ಇರಬಾರದು, ಸ್ಟ್ರೀಟ್ಸ್‌ವಿಲ್ಲಿನ ಮನೆ ಮಾರಿ ತನ್ನಲ್ಲಿಗೆ ಬರಬೇಕು ಎಂದು ಹಟ ಹಿಡಿದ. ಬೇಸ್‌ಮೆಂಟಿನಲ್ಲಿ ಪ್ರತ್ಯೇಕ ಅಡುಗೆಮನೆ, ಬಚ್ಚಲು, ಎಲ್ಲ ಸಿದ್ಧ ಮಾಡಿಸಿದ್ದ.

"ಬೇಸ್‌ಮೆಂಟಿನ್ಯಾಗ ಇಟ್ಟು ಮರೀಲಿಕ್ಕೆ ನಾ ಏನು ಉಳ್ಳಾಗಡ್ಡಿ ಚೀಲ ಏನ್ರೀ?" ಎಂದು ವೈನಿ ನನ್ನನ್ನು ಕೇಳಿದರು. ಪ್ರಶ್ನೆ ನನಗಲ್ಲ, ನನ್ನ ಪಕ್ಕದಲ್ಲಿ ಕೂತಿದ್ದ ಮಗನಿಗೆ. ಅಮ್ಮ-ಮಗ ಇಬ್ಬರೂ ಜಗಳಕ್ಕೆ ನಮ್ಮ ಅಡುಗೆಮನೆಯ ಮೇಜನ್ನು ಆರಿಸಿಕೊಂಡಿದ್ದರು. ನನ್ನ ಹೆಂಡತಿಯ ಕಾಫಿ ಅದಕ್ಕೆ ಕಾರಣವಿರಬೇಕು.

ಆ ಮೇಜಿನ ಮೇಲೆಯೇ ವೈನಿ ಬಾಂಬು ಹಾಕಿದ್ದು. ತಾವು ಒಬ್ಬರೇ, ಸೈಕಲ್ಲಿನಲ್ಲಿ ಮತ್ತು ರೈಲಿನಲ್ಲಿ, ಯುರೋಪಿನ ಊರುಗಳನ್ನು ನೋಡಲು ಹೋಗುವುದಾಗಿ ಹೇಳಿದರು. ಹಿಂದೊಮ್ಮೆ ಅಣ್ಣನ ಜೊತೆ ಹೋಗಿದ್ದರಲ್ಲ, ಸಸ್ಯಾಹಾರಿ ಅಡುಗೆಯವನನ್ನೂ ಕರೆದೊಯ್ಯುವ ಬಸ್ ಟೂರಿನಲ್ಲಿ, ಎಂದು ಮಗ ನೆನಪಿಸಿದ. "ಆವಾಗ ಮುಂದಿನ ಸೀಟಿನವರ ತಲಿ ನೋಡೇನಿ ತಮ್ಮಾ. ಯುರೋಪ್ ನೋಡಿಲ್ಲ" ಎಂದರು ವೈನಿ. ಹುಡುಗಿಯಾಗಿದ್ದಾಗ ಧಾರವಾಡದ ಏರು-ಇಳಿಜಾರುಗಳಲ್ಲಿ ಕಾಲೇಜಿಗೆ ಸೈಕಲ್ ತುಳಿದವರು. ಮದುವೆಯಾದ ಮೇಲೆ ಬಿಟ್ಟಿದ್ದರು. ಅಣ್ಣನ ವರ್ಷಾಂತಿಕ ಮುಗಿಸಿ ಒಂದು ಸೈಕಲ್ ಕೊಂಡು, ಕ್ರೆಡಿಟ್ ನದಿಯ ದಂಡೆಯಲ್ಲಿ ದಿನಾ ಬೆಳಿಗ್ಗೆ ಅಭ್ಯಾಸ ಮಾಡುತ್ತಿದ್ದುದು ನಮಗೆ ಗೊತ್ತಿತ್ತು. ಆರೋಗ್ಯಕ್ಕಿರಬೇಕು ಎಂದುಕೊಂಡಿದ್ದೆವು.

ಒಪ್ಪಂದವೊಂದು ಏರ್ಪಟ್ಟಿತು. ವೈನಿ ಮೇ ತಿಂಗಳಲ್ಲಿ ಹೋಗಿ ಜುಲೈ ಒಂದರ ಕೆನಡಾ ಡೇ ಒಳಗೆ ಮರಳಬೇಕು. ನಡುವೆ ಒಂದೇ ಒಂದು ಸಲ ಮನೆಯವರ ಸಹಾಯ ಕೇಳಿದರೂ ಸೋತಂತೆ. ಮನೆ ಮಾರಿ ಕ್ಲೈನ್‌ಬರ್ಗಿಗೆ ಹೋಗಬೇಕು. ಕೇಳದೆ ಮುಗಿಸಿ ಬಂದರೆ ಮಗ ಆ ಮಾತನ್ನು ಮತ್ತೆ ಎತ್ತಬಾರದು. ಪ್ರತಿ ಊರಿಗೂ ತಲುಪಿದ ಕೂಡಲೇ ವೈನಿ ಫೋನ್ ಮಾಡಬೇಕು, ಮಗನಿಗಲ್ಲ, ಪಕ್ಷಪಾತವಿಲ್ಲದ ಮೂರನೆಯವನಿಗೆ. ಹೀಗೆ, ಜೀವಮಾನವಿಡೀ ಮೋರಿ ಮತ್ತು ಸೇತುವೆಗಳನ್ನು ಪರೀಕ್ಷಿಸಿದ್ದ ನಾನು, ಯಾರ ಶಿಫಾರಸೂ ಇಲ್ಲದೆ ನ್ಯಾಯಪೀಠವನ್ನೇರಿದೆ. ಪೀಠದ ಎಡಬದಿಗೆ ಉಪ್ಪಿನಕಾಯಿ ಭರಣಿ ಇತ್ತು.

ವೈನಿ ಹೋದರು. ಸೈಕಲ್ಲಿನ ಎರಡೂ ಬದಿಗೆ ತೂಗುವ ಪ್ಯಾನಿಯರ್ ಚೀಲಗಳಲ್ಲಿ ಬಟ್ಟೆಗಿಂತ ಗರಿಗರಿ ಒಣಗಿಸಿದ ಕಟಕ ರೊಟ್ಟಿ ಹೆಚ್ಚಿತ್ತು.

"ಮುಟ್ಟೇನ್ರೀ ಇಂಜಿನಿಯರ್ ಸಾಹೇಬ್ರ" ಎಂದು ಶುರುವಾಗುತ್ತಿದ್ದವು ಫೋನುಗಳು. ಗೆಂಟ್ ಊರಿನ ಕಲ್ಲುಹಾಸಿನ ಬೀದಿಗಳಲ್ಲಿ ತಮ್ಮ ಹಲ್ಲೆಲ್ಲ ಹಾಜರಿ ಕೊಟ್ಟವು ಎಂದರು. ಯುಟ್ರೆಕ್ಟ್‌ನಲ್ಲಿ ರೈಲ್ವೆ ನಿಲ್ದಾಣದ ಕೆಳಗೆ ಸೈಕಲ್ ನಿಲ್ಲಿಸುವ ಜಾಗವೇ ನಮ್ಮ ಮಾಲ್‌ನಷ್ಟಿತ್ತಂತೆ. ಎಲ್ಲಿ ನಿಲ್ಲಿಸಿದೆನೆಂದು ಮರೆತು ಅರ್ಧ ದಿನ ಸಾಲು ಸಾಲು ಅಲೆದರಂತೆ. ಸಿಕ್ಕಿದ ಮೇಲೆ ಮುಂದೆ ಗುರುತಿಗಿರಲಿ ಎಂದು ಹ್ಯಾಂಡಲ್ಲಿಗೆ ಅರಿಶಿನ-ಕುಂಕುಮ ದಪ್ಪಗೆ ಬಳಿದರು. ಮುನ್‌ಸ್ಟರ್‌ನಲ್ಲಿ ಶಾಲೆಯ ಮಕ್ಕಳು ಹಿಂದಿನಿಂದ ಬೆಲ್ ಬಾರಿಸಿ ಇವರನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋದವು. ಒಂದು ಸಂಜೆ ಕಲೋನಿನಿಂದ ಮಾಡಿದ ಫೋನು ಮಾತ್ರ ಬೇರೆ ಥರ ಇತ್ತು. "ನದಿ ದಂಡಿ ಮ್ಯಾಲೆ ಬೆಂಚಿನ್ಯಾಗ ಕೂತೇನಿ. ಬಾಜೂಕ ಯಾರೂ ಇಲ್ಲ. ಛಲೋ ಅನಸ್ತದ…" ಎಂದವರೇ, "ಒಂದೀಟು ಕೆಟ್ಟೂ ಅನಸ್ತದ್ರಿ" ಎಂದರು. ಆಮೇಲೆ ನಮ್ಮ ಬೀದಿಯಲ್ಲಿ ಕಸದ ಗಾಡಿ ಬಂತೋ ಇಲ್ಲವೋ ಎಂದು ವಿಚಾರಿಸಿದರು.

ಜೂನ್ ತಿಂಗಳ ಒಂದು ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಫೋನ್ ಬಂತು.

"ಮುಟ್ಟೇನ್ರೀ. ಆದ್ರ ಊರು ತಪ್ಪೇದ."

ವಿಷಯ ಇಷ್ಟು. ಮ್ಯೂನಿಕ್‌ನಿಂದ ಸಾಲ್ಜ್‌ಬರ್ಗಿಗೆ ಹೊರಟಿದ್ದರು. ಸೈಕಲ್ಲನ್ನು ರೈಲಿನ ಮುಂಭಾಗದ ಬೋಗಿಯಲ್ಲಿ ಕಟ್ಟಿ ಅಲ್ಲೇ ಕೂತಿದ್ದರು. ಹಸಿವಾಯಿತು. ಬೋಗಿ ತುಂಬಾ ಜನ. ಇಷ್ಟು ಜನರ ನಡುವೆ ಬೆಳ್ಳುಳ್ಳಿ ಚಟ್ನಿ ತೆರೆಯುವುದೆಂತು? ಮುಂದಿನ ನಿಲ್ದಾಣದಲ್ಲಿ ಡಬ್ಬಿ ಹಿಡಿದು ಇಳಿದು, ಪ್ಲಾಟ್‌ಫಾರ್ಮಿನುದ್ದಕ್ಕೂ ಓಡಿ, ಹಿಂದುಗಡೆಯ ಖಾಲಿ ಬೋಗಿ ಹತ್ತಿದರು. ಒಂದು ರೈಲಿನಂತೆ ಕಾಣುವುದು ಕೆಲವೊಮ್ಮೆ ಕೂಡಿಸಿದ ಎರಡು ರೈಲು, ಜಂಕ್ಷನ್ನಿನಲ್ಲಿ ಬೇರೆಯಾಗಿ ಎರಡು ಊರಿಗೆ ಹೋಗುತ್ತದೆ ಎಂಬುದು ಅವರ ಕಿವಿಗೆ ಬಿದ್ದಿರಲಿಲ್ಲ. ಡಬ್ಬಿ ತೆರೆಯುವಷ್ಟರಲ್ಲಿ ಕಿಟಕಿಯಾಚೆ ಬೆಟ್ಟಗಳು ಬಂದವು, ಕೇಳರಿಯದ ಊರಿನ ಹೆಸರು ಕೂಗಿದರು. ಸೈಕಲ್ ಸಾಲ್ಜ್‌ಬರ್ಗಿಗೆ ಹೋಯಿತು. ವೈನಿ ಕುಫ್‌ಸ್ಟೈನ್ ಎಂಬಲ್ಲಿ ಇಳಿದರು. ಬಟ್ಟೆ, ಬಿ.ಪಿ. ಮಾತ್ರೆ, ಉಳಿದ ರೊಟ್ಟಿ, ಎಲ್ಲ ಸೈಕಲ್ಲಿನ ಮೇಲೆ. ಸೊಂಟದ ಚೀಲದಲ್ಲಿ ಪಾಸ್‌ಪೋರ್ಟು ಮತ್ತು ಕಾರ್ಡು, ಕೈಯಲ್ಲಿ ಡಬ್ಬಿ.

"ಸಹಾಯ ಬೇಕಂತ ಫೋನ್ ಮಾಡಿಲ್ಲ ನೋಡ್ರಿ ಮತ್ತ. ಮುಟ್ಟಿದ್ದಕ್ಕ ಮಾಡೇನಿ" ಎಂದು ಒತ್ತಿ ಹೇಳಿ ಇಟ್ಟರು. ಧ್ವನಿ ಮಾತ್ರ ಅವರು ಹೇಳಿದಷ್ಟು ಗಟ್ಟಿಯಾಗಿರಲಿಲ್ಲ.

ಬಂದ ಸುದ್ದಿಯನ್ನು ಮುಚ್ಚುಮರೆಯಿಲ್ಲದೆ ಮಗನಿಗೆ ತಿಳಿಸುವುದು ನ್ಯಾಯಪೀಠದ ಕರ್ತವ್ಯ. ತಿಳಿಸಿದೆ. ಆತ ಆಫೀಸು ಬಿಟ್ಟು, ನಮ್ಮ ಅಡುಗೆಮನೆಗೆ ಬಂದು, ಲ್ಯಾಪ್‌ಟಾಪ್ ತೆರೆದ.

"ಟುನೈಟ್ ಫ್ಲೈಟ್ ಅದ ಅಂಕಲ್. ಬುಕ್ ಮಾಡ್ತೀನಿ. ಇದು ಹೆಲ್ಪ್ ಅಲ್ಲಾಂದ್ರ ಮತ್ತೇನು? ಶೀ ಕಾಲ್ಡ್!"

"ಕರೆ ಮಾಡಿದರು, ಸಹಾಯ ಕೇಳಲಿಲ್ಲ" ಎಂದು ತೀರ್ಪಿತ್ತೆ. "ಅವರು ಕೇಳದೆ ನೀನು ಹೋದರೆ ಒಪ್ಪಂದ ಮುರಿದವನು ನೀನಾಗುತ್ತೀ."

"ಫರ್ಗೆಟ್ ದ ಒಪ್ಪಂದ, ಅಂಕಲ್! ಆಕಿ ಮೆಡಿಸಿನ್ಸ್ ಎಲ್ಲಾ ಸೈಕಲ್ ಮ್ಯಾಲೆ ಅವ!"

"ಮೊದ್ಲು ಉಪ್ಪಿಟ್ಟು ತಿನ್ನಪ್ಪ. ವಿಮಾನ ಇರೋದು ರಾತ್ರಿಗೆ ತಾನೆ?" ಎಂದು ನನ್ನ ಹೆಂಡತಿ ತಟ್ಟೆ ಇಟ್ಟಳು. ಆತ ತಿನ್ನಲಿಲ್ಲ. ಫೋನನ್ನು ತಟ್ಟೆಯ ಪಕ್ಕದಲ್ಲಿಟ್ಟುಕೊಂಡು, ಅದು ಬೆಳಗದಿದ್ದರೂ ಮತ್ತೆ ಮತ್ತೆ ಎತ್ತಿ ನೋಡುತ್ತಿದ್ದ. ಆಮೇಲೆ, ನಮ್ಮಿಬ್ಬರ ಮುಖ ನೋಡದೆ ಹೇಳಿದ. ಅಪ್ಪನಿಗೆ ಎದೆನೋವು ಬಂದ ದಿನ ಅಮ್ಮ ಅವನಿಗೆ ಮೇಲಿಂದ ಮೇಲೆ ಫೋನ್ ಮಾಡಿದ್ದರು. ಅವನು ಮೀಟಿಂಗಿನಲ್ಲಿದ್ದ.

"ಸೈಲೆಂಟಲ್ಲಿತ್ತು, ಅಂಕಲ್. ಹೊರಗ ಬಂದು ನೋಡೂದ್ರಾಗ… ಅಪ್ಪ ವಾಸ್ ಗಾನ್."

ಈತ ಮನೆ ಮಾರಿಸಲು ಹಟ ಹಿಡಿದದ್ದೇಕೆಂದು ನನಗೆ ಆಗ ತಿಳಿಯಿತು. ನ್ಯಾಯಪೀಠ ಎದ್ದುಹೋಗಿ ಸುಮ್ಮನೆ ಸಿಂಕಿನ ನಲ್ಲಿ ತಿರುಗಿಸಿ ಒಂದು ಲೋಟ ತೊಳೆಯಿತು. ಲೋಟ ಮೊದಲೇ ತೊಳೆದದ್ದಾಗಿತ್ತು.

ಮಧ್ಯಾಹ್ನ ದಾಟಿದ ಮೇಲೆ ಫೋನ್ ಬಂತು. ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದೆ.

"ಮುಟ್ಟೇನ್ರೀ. ಇಬ್ರೂ ಕೂಡೇವಿ, ನಾನೂ ಸೈಕಲ್ಲೂ."

ಹಿಂದಿರುಗುವ ರೈಲು ಹಿಡಿದು, ಜಂಕ್ಷನ್ನಿನಲ್ಲಿ ಬದಲಿಸಿ, ಸಾಲ್ಜ್‌ಬರ್ಗ್ ಮುಟ್ಟಿ, ನಿಲ್ದಾಣದ ಆಫೀಸಿಗೆ ಹೋದರಂತೆ. ಅಲ್ಲಿ ಇವರ ಸೈಕಲ್ಲಿನ ಸುತ್ತ ಗಂಭೀರವಾದ ಸಭೆಯೊಂದು ನಡೆದಿತ್ತು. ಹ್ಯಾಂಡಲ್ಲಿನ ಮೇಲಿನ ಕೆಂಪು ಕಂಡು, ಸವಾರರಿಗೆ ಏನೋ ಆಗಿದೆ, ರಕ್ತ ಹತ್ತಿದೆ ಎಂದು ಅವರು ಗಾಯಾಳುವಿಗಾಗಿ ಹುಡುಕಿಸುತ್ತಿದ್ದರು. "ನಾ ಹಣಿ ಮ್ಯಾಲಿನ ಕುಂಕುಮ ತೋರಿಸಿದೆ. ಅವರು ಇನ್ನಷ್ಟು ಗಾಬರಿಯಾದ್ರು!"

ಮಗ ಫೋನನ್ನು ಕೈಗೆತ್ತಿಕೊಂಡ. "ಅಮ್ಮಾ…" ಎಂದ. ಬೆಳಗಿನಿಂದ ಹೇಳಬೇಕೆಂದು ಕೂಡಿಟ್ಟ ಮಾತುಗಳು ಬಹಳ ಇದ್ದಿರಬೇಕು. ಕೊನೆಗೆ ಹೊರಟದ್ದು ಒಂದೇ. "ಉಂಡ್ಯಾ?"

"ಉಂಡೆ ತಮ್ಮಾ. ಆ ತಪ್ಪಿದ ಊರಾಗ, ಪ್ಲಾಟ್‌ಫಾರ್ಮ್ ಮ್ಯಾಲೆ, ಎಲ್ಲಾರ ಮುಂದ ಡಬ್ಬಿ ಬಿಚ್ಚಿದೆ. ಬಾಜೂಕ ಒಬ್ಬಾಕಿ ಮುದುಕಿ ಕೂತಿದ್ಲು. ವಾಸನಿ ಬರ್ತದ, ಸಾರಿ ಅಂದೆ. ಆಕಿಗೆ ತಿಳೀಲಿಲ್ಲ. ಅರ್ಧಾ ರೊಟ್ಟಿ ಮುರದು ಚಟ್ನಿ ಹಚ್ಚಿ ಕೊಟ್ಟೆ. ಖಾರಕ್ಕ ಕಣ್ಣಾಗ ನೀರು ಬಂತು ನೋಡು ಆಕಿಗೆ… ಮತ್ತ ಕೈ ಚಾಚಿದ್ಲು!"

ಮಗ ನಕ್ಕ. ಆಮೇಲೆ ಆರಿದ ಉಪ್ಪಿಟ್ಟನ್ನು ಪೂರ್ತಿ ತಿಂದ.

ವೈನಿ ಬಿಸಿಲಿಗೆ ಕಪ್ಪಾಗಿ, ಕೆನಡಾ ಡೇಗೆ ಮುಂಚೆಯೇ ಮರಳಿದರು. ಅವರೇ ಗೆದ್ದರೆಂದು ನಾನು ಘೋಷಿಸಿದೆ. ಮಗ ಮಾತಿಗೆ ತಪ್ಪಲಿಲ್ಲ. ಮುಂದಿನ ಶನಿವಾರ ಬಂದು ಅಮ್ಮನ ಬಚ್ಚಲಿನ ಗೋಡೆಗೆ ತಾನೇ ಆಸರೆಯ ಹಿಡಿಕೆ ಬಡಿದು ಹೋದ. ಅದಾದ ಮೇಲೆ ವೈನಿ ಪ್ರತಿ ವರ್ಷ ಮೇ ತಿಂಗಳಿಗೆ ಹೊರಡುತ್ತಿದ್ದರು. ಬ್ರೂಜ್, ಕೋಪನ್‌ಹೇಗನ್, ಬಾಸೆಲ್… ಊರುಗಳ ಹೆಸರು ನನಗೀಗ ಕಲಸಿಹೋಗಿವೆ. ಒಂದೊಂದು ಊರಿನಿಂದಲೂ ಯಾರ ಜೊತೆ ರೊಟ್ಟಿ ಹಂಚಿಕೊಂಡೆ ಎಂಬ ವರದಿ ಮಾತ್ರ ತಪ್ಪದೆ ಬರುತ್ತಿತ್ತು.

ಒಂದು ವರ್ಷ ಹೊರಡಲಿಲ್ಲ. ಹೊಟ್ಟೆಯೊಳಗೆ ಏನೋ ಬೆಳೆದಿದೆ, ತೆಗೆಯುವಂತಿಲ್ಲ ಎಂದರು ಡಾಕ್ಟರು. ಮನೆಗೇ ನರ್ಸ್ ಬರುವ ಏರ್ಪಾಡನ್ನು ವೈನಿ ತಾವೇ ಮಾಡಿಕೊಂಡರು. ಮಗ ದಿನಾ ಬಂದುಹೋಗುತ್ತಿದ್ದ. ಕ್ಲೈನ್‌ಬರ್ಗಿನ ಮಾತನ್ನು ಆಗಲೂ ಎತ್ತಲಿಲ್ಲ. ಎಲೆ ಉದುರುವ ಕಾಲದಲ್ಲಿ ಒಂದು ಬೆಳಿಗ್ಗೆ ಅವರು ಮೆಲ್ಲನೆ ರಸ್ತೆ ದಾಟಿ ನಮ್ಮಲ್ಲಿಗೆ ಬಂದರು.

"ಐತವಾರ ಕ್ಲೈನ್‌ಬರ್ಗಿಗೆ ಹೊಂಟೇನ್ರೀ."

"ಮಗ ಒತ್ತಾಯ ಮಾಡಿದನೇ?"

"ಇಲ್ಲ, ಅಂವ ಬಾಯಿ ಬಿಟ್ಟಿಲ್ಲ. ನಾನ ಹೇಳೇನಿ, ಒಬ್ಬಾಕಿಗೆ ಆಗವಲ್ದು, ಕರಕೊಂಡು ಹೋಗು ಅಂತ."

"ನಿಜವಾಗಿಯೂ ಆಗುತ್ತಿಲ್ಲವೇ, ವೈನಿ?"

ಅವರು ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. "ಆಗ್ತದ್ರೀ. ಯಾಕ ಆಗೂದಿಲ್ಲ? ನರ್ಸ್ ಬರ್ತಾಳ, ನೀವು ಎದುರಿಗೇ ಇದ್ದೀರಿ. ಆದ್ರ ಅವರಪ್ಪ ಹೋಗುವಾಗ ಅಂವ ಇರಲಿಲ್ಲ. ಈ ಸಲ ಅಂವ ಇರ್ಬೇಕು. ನಾ ಇಲ್ಲೇ ಕೂತು, ಮತ್ತ ಅಂವಗ ಯಾರರ ಫೋನ್ ಮಾಡೂದು ಬ್ಯಾಡ." ಲೋಟ ಕೆಳಗಿಟ್ಟು ಹೇಳಿದರು: "ಅಂವಗ ಹೇಳಬ್ಯಾಡ್ರಿ ಇದನ್ನ. ನಾ ಸೋತೆ ಅಂತನ ತಿಳಕೊಳ್ಳಲಿ."

ಹೇಳುವುದಿಲ್ಲ ಎಂದು ತೀರ್ಪುಗಾರ ಮಾತು ಕೊಟ್ಟ. ಇನ್ನಷ್ಟು ಕಾಫಿ ಬೇಕೇ ಎಂದು ಕೇಳಿದೆ.

ಆ ಚಳಿಗಾಲವನ್ನು ಅವರು ಮಗನ ಬೇಸ್‌ಮೆಂಟಿನಲ್ಲಿ ಕಳೆದರು. ಮಗ ತನ್ನ ಆಫೀಸಿನ ಮೇಜನ್ನು ಕೆಳಗಿಳಿಸಿ ಅವರ ಮಂಚದ ಪಕ್ಕಕ್ಕೆ ಹಾಕಿಕೊಂಡಿದ್ದ. ಹಿಮ ಕರಗುವ ಮೊದಲೇ ವೈನಿ ಹೋದರು. ಯಾರೂ ಅವನಿಗೆ ಫೋನ್ ಮಾಡಬೇಕಾಗಿ ಬರಲಿಲ್ಲ. ಕೈ ಹಿಡಿದುಕೊಂಡಿದ್ದವನು ಅವನೇ.

ಸ್ಟ್ರೀಟ್ಸ್‌ವಿಲ್ಲಿನಲ್ಲಿ ಕಳೆದ ವಾರ ಈ ನೆನಪುಗಳೊಡನೆ ಟ್ರೇನ್ ಇಳಿದು ಮನೆಗೆ ನಡೆದು ಬಂದೆ. ಎದುರುಮನೆಯಲ್ಲಿ ಈಗ ಹೊಸ ಸಂಸಾರವಿದೆ. ಒಳ್ಳೆಯವರು, ಕಂಡಾಗ ಕೈ ಬೀಸುತ್ತಾರೆ. ನಾನೂ ಬೀಸುತ್ತೇನೆ. ಮಗ ದೇವಸ್ಥಾನದಲ್ಲಿ ಆಗೀಗ ಸಿಗುತ್ತಾನೆ. ಪ್ರತಿ ಸಲವೂ ಒಂದೇ ಮಾತು. "ಕೊನೀಗೆ ಆಕಿಗೆ ನನ್ನ ಹೆಲ್ಪ್ ಬೇಕಾತು ಅಂಕಲ್. ಥ್ಯಾಂಕ್ ಗಾಡ್, ಐ ವಾಸ್ ದೇರ್."

"ಹೌದಪ್ಪ, ನೀನಿದ್ದೆ" ಎನ್ನುತ್ತೇನೆ.

ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತನ್ನು ಇಲ್ಲಿ ಬರೆದಿದ್ದೇನೆ. ವೈನಿಗೆ ಕೊಟ್ಟ ಮಾತು ಇದರಿಂದ ತಪ್ಪಿದಂತಾಗದು. ಅವರ ಮಗನಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಊರಿನಿಂದ ಬಂದ ಲಗ್ನಪತ್ರಿಕೆಗಳನ್ನೂ ಅಮ್ಮನೇ ಓದಿ ಹೇಳುತ್ತಿದ್ದರು. ಈ ಪುಟ ಅವನ ಕೈಗೆ ಸಿಕ್ಕರೂ ಚಿಂತೆಯಿಲ್ಲ. ಓದಿ ಹೇಳುವವರು ಈಗ ಆ ಮನೆಯಲ್ಲಿ ಯಾರೂ ಇಲ್ಲ…